"ಮನಸ್ಸು ಗಟ್ಟಿ ಮಾಡ್ಕೋ" ಅಂದರೆ ಮಿದುಳಿಗೆ ಕೇಳಿಸುತ್ತಾ?

ಈ ಸಲದ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದಿದೆ. "ಎಲ್ಲರೂ ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ ಮೇಡಂ, ನನ್ನ ಕೈಲಿ ಆಗ್ತಾ ಇಲ್ಲ." ಬರೆದವರಲ್ಲಿ ರೈತರಿದ್ದಾರೆ, ಓದೋ ಹುಡುಗರಿದ್ದಾರೆ, ಕಾರ್ಖಾನೆಯವರಿದ್ದಾರೆ, ಒಬ್ಬ ನಿವೃತ್ತ ಮೇಷ್ಟ್ರೂ ಇದ್ದಾರೆ. ಹಾಗೆ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಅದು ನನಗೂ ಗೊತ್ತು. ಆದರೆ ಬಳ್ಳಾರಿಯಲ್ಲಿ ಕೂತು ದಿನಾ ಇಂಥವರನ್ನೇ ನೋಡುವ ವೈದ್ಯೆಯಾಗಿ ಹೇಳುತ್ತೇನೆ, ಭಯ ಹುಟ್ಟಿಸುವ ಮಿದುಳಿನ ಭಾಗಕ್ಕೆ ಬುದ್ಧಿಮಾತು ಮುಟ್ಟುವುದು ಬಹಳ ಕಡಿಮೆ. ಉಸಿರು ಮುಟ್ಟುತ್ತದೆ. ನಿದ್ದೆ, ಬೆಳಕು, ನಡಿಗೆ, ಪಕ್ಕದಲ್ಲಿರುವ ಜನ, ಬೇಕಾದಾಗ ಮಾತ್ರೆ ಮುಟ್ಟುತ್ತವೆ. ಕೆಳಗಿನ ಉತ್ತರಗಳೆಲ್ಲ ಇದನ್ನೇ ಹಿಡಿದು ಬರೆದದ್ದು.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಲೀಸಿಗೆ ಹೊಲ ಹಾಕಿಕೊಂಡು ಭತ್ತ ಮಾಡುತ್ತೇನೆ. ಡ್ಯಾಮಿನ ಗೇಟು ಕೊಚ್ಚಿಕೊಂಡು ಹೋದಾಗಿನಿಂದ ನನ್ನ ತಲೆ ಸರಿ ಇಲ್ಲ. ನೀರು ಬರುತ್ತೋ ಇಲ್ಲವೋ, ಬಂದರೆ ನಮ್ಮ ತನಕ ಮುಟ್ಟುತ್ತೋ ಇಲ್ಲವೋ ಅಂತ ರಾತ್ರಿಯೆಲ್ಲ ಅದೇ. ಒಮ್ಮೊಮ್ಮೆ ಎದೆ ಡವಡವ ಹೊಡೆದುಕೊಂಡು ಬೆರಳೆಲ್ಲ ಜುಮ್ಮೆನ್ನುತ್ತವೆ, ಸತ್ತೇ ಹೋದೆ ಅನ್ನಿಸುತ್ತದೆ. ಇಸಿಜಿ ಮಾಡಿಸಿದೆ, ಏನೂ ಇಲ್ಲ ಅಂದರು. ಬೆಳೆ ಹೋದವರು ನಮ್ಮೂರಲ್ಲೇ ಇದ್ದಾರೆ, ಅವರು ನನಗಿಂತ ಆರಾಮಾಗಿದ್ದಾರೆ. ನಾನು ಅಷ್ಟು ಹೇಡಿಯಾ? ಕೆಲವು ಸಲ ನಾನಿಲ್ಲದಿದ್ದರೇ ಒಳ್ಳೆಯದು ಅನ್ನಿಸುತ್ತದೆ.

ಉತ್ತರ: ಅಣ್ಣಾ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಾನಿಲ್ಲದಿದ್ದರೆ ಒಳ್ಳೆಯದು ಅನ್ನಿಸುವುದನ್ನು ಇವತ್ತೇ ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್ ಅಂತ, 2022ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಕೆಲಸ ಇದಕ್ಕಿಂತಲೂ ಮುಖ್ಯ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳು ಮನೆಯೊಳಗೆ ಬೇಡ. ಬೇರೆ ಕಡೆ ಬೀಗ ಹಾಕಿಡಿ, ಕೀಲಿ ಮಾತ್ರ ನಿಮ್ಮ ಹತ್ತಿರ ಇರಬಾರದು, ತಮ್ಮನ ಹತ್ತಿರವೋ ಮನೆಯವರ ಹತ್ತಿರವೋ ಇರಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಶ್ರೀಲಂಕಾದಲ್ಲಿ ತುಂಬಾ ವಿಷಕಾರಿಯಾದ ಕೃಷಿ ಔಷಧಗಳನ್ನು ಒಂದೊಂದಾಗಿ ನಿಷೇಧ ಮಾಡುತ್ತಾ ಹೋದರು, 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಯಾಕೆಂದರೆ ಸಾಯಬೇಕು ಅನ್ನಿಸುವ ತೀವ್ರ ಗಳಿಗೆ ಬಹಳ ಸಲ ಚಿಕ್ಕದು, ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ನಿಮ್ಮ ಮನೆಯವರಿಗೂ ಒಂದು ಮಾತು. "ಸಾಯೋ ಯೋಚನೆ ಬರ್ತಿದೆಯಾ" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯ ಬೇಡ, ಹಾಗೆ ಹುಟ್ಟುವುದಿಲ್ಲ. ಕೇಳಿದರೆ ಎದೆ ಹಗುರಾಗುತ್ತದೆ.

ಈಗ ಹೇಡಿತನದ ವಿಷಯ. ಬೆಳೆ ಹೋದವರು ನಿಮಗಿಂತ ಆರಾಮಾಗಿದ್ದಾರೆ ಅಂತ ಬರೆದಿದ್ದೀರಲ್ಲ, ಅದರಲ್ಲೇ ಉತ್ತರ ಇದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಕಲ್ಲುಗಳು, ಕೆಲವು ಕಲ್ಲಿನ ಕೆಳಗೆ ಹಾವು. ಹಾವು ಇದೆಯೋ ಇಲ್ಲವೋ ಊಹೆ ಮಾಡಬೇಕು, ಕಲ್ಲು ತಿರುಗಿದಾಗ ಹಾವಿದ್ದರೆ ಕೈಗೆ ನೋಯುವ ಹಾಗೆ ಕರೆಂಟಿನ ಚಿಕ್ಕ ಶಾಕ್. ಅವರ ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದರು. ಶಾಕ್ ಖಂಡಿತ ಹೊಡೆಯುತ್ತದೆ ಅಂತ ಗೊತ್ತಿದ್ದವರಿಗಿಂತ, ಹೊಡೆದರೂ ಹೊಡೆಯಬಹುದು, ಬಿಟ್ಟರೂ ಬಿಡಬಹುದು ಅನ್ನುವ ಸ್ಥಿತಿಯಲ್ಲಿ ಇದ್ದಾಗಲೇ ಒತ್ತಡ ಅತಿ ಜಾಸ್ತಿ. ಅರ್ಧಕ್ಕರ್ಧ ಸಾಧ್ಯತೆ ಇದ್ದಾಗ ಅದು ತುತ್ತತುದಿ ಮುಟ್ಟಿತ್ತು. ಬೆಳೆ ಹೋದವನಿಗೆ ದುಃಖ ಇದೆ, ಆದರೆ ಅವನ ಮಿದುಳಿಗೆ ವಿಷಯ ತೀರ್ಮಾನವಾಗಿದೆ, ಮುಂದೇನು ಅಂತ ಯೋಚಿಸುತ್ತಿದೆ. ಕಾಲುವೆಯ ಕೊನೆಯಲ್ಲಿ ಕೂತು ನೀರಿನ ದಾರಿ ಕಾಯುವ ನಿಮ್ಮ ಮಿದುಳಿಗೆ ತೀರ್ಮಾನವೇ ಸಿಕ್ಕಿಲ್ಲ. 2024ರ ಆಗಸ್ಟಿನಲ್ಲಿ 19ನೇ ಗೇಟು ಹೋದ ಆ ರಾತ್ರಿಯಿಂದ ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಮನೆಗಳು ಇದೇ ಸ್ಥಿತಿಯಲ್ಲಿವೆ. ಇದರಲ್ಲಿ ಹೇಡಿತನ ಎಲ್ಲಿಂದ ಬಂತು?

ಒಳಗೆ ನಡೆಯುವುದು ಇಷ್ಟು. ಮಿದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗೆ, ಬಾದಾಮಿ ಗಾತ್ರದ ಒಂದು ಭಾಗ ಇದೆ, ಅಮಿಗ್ಡಲಾ ಅಂತ. ಅಪಾಯ ಇರಬಹುದು ಅನ್ನಿಸಿದ ಕೂಡಲೇ ಅದು ಮಿದುಳಿನ ಇನ್ನೊಂದು ಭಾಗವಾದ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಕೆಲವೇ ಸೆಕೆಂಡಿನಲ್ಲಿ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಅಡ್ರಿನಲಿನ್ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ. ಇದು ನಿಜವಾದ ಹಾವು ಕಂಡಾಗ ಓಡಲಿಕ್ಕೆ ಇರುವ ಏರ್ಪಾಡು, ಓಡಿದ ಮೇಲೆ ಇಳಿಯಬೇಕು. ನಿಮ್ಮಲ್ಲಿ ಅದು ಇಳಿಯುತ್ತಿಲ್ಲ. ನೀರಿಲ್ಲದ ಬಾವಿಯಲ್ಲಿ ಮೋಟಾರು ಓಡುತ್ತಲೇ ಇದ್ದ ಹಾಗೆ ಆಗಿದೆ, ಕೆಲಸವೂ ಇಲ್ಲ, ಕಾಯಿಲ್ ಮಾತ್ರ ಕಾಯುತ್ತಿದೆ.

ಬೆರಳು ಜುಮ್ಮೆನ್ನುವುದು ಯಾಕೆ ಅಂತ ನಿಧಾನಕ್ಕೆ ಹೇಳುತ್ತೇನೆ, ಗೊತ್ತಾದರೆ ಅರ್ಧ ಹೆದರಿಕೆ ಇಳಿಯುತ್ತದೆ. ಗಾಬರಿಯಲ್ಲಿ ನಿಮಗೆ ಗೊತ್ತಿಲ್ಲದೆ ಉಸಿರು ಮೇಲಿಂದ ಮೇಲೆ, ಎದೆಯ ಮೇಲ್ಭಾಗದಿಂದ ಬರುತ್ತದೆ. ಆಗ ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಅದು ಕಡಿಮೆಯಾದರೆ ಮಿದುಳಿಗೆ ಹೋಗುವ ರಕ್ತನಾಳ ಸ್ವಲ್ಪ ಬಿಗಿಯುತ್ತವೆ, ತಲೆ ಹಗುರ ಅನ್ನಿಸುತ್ತದೆ. ನರಗಳು ಸೂಕ್ಷ್ಮವಾಗುತ್ತವೆ, ಮೊದಲು ತುಟಿಯ ಸುತ್ತ, ಆಮೇಲೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತದೆ. ಅದನ್ನು ಕಂಡು ಇನ್ನೂ ಗಾಬರಿ, ಇನ್ನೂ ಜೋರು ಉಸಿರು. ಹತ್ತಿಪ್ಪತ್ತು ನಿಮಿಷದಲ್ಲಿ ಅದೇ ಇಳಿಯುತ್ತದೆ. ಹೃದಯದ ಪರೀಕ್ಷೆ ಮಾಡಿಸಿದ್ದೀರಿ, ಅದು ಒಳ್ಳೆಯ ಕೆಲಸ. ಎದೆನೋವು ಎಡಗೈಗೋ ದವಡೆಗೋ ಹಬ್ಬಿ ತಣ್ಣನೆ ಬೆವರು ಬಂದರೆ ಮಾತ್ರ ಮತ್ತೆ ಆಸ್ಪತ್ರೆಗೆ ಓಡಿ, ಆಗ ನನ್ನ ಈ ಉತ್ತರ ನೆನೆಸಿಕೊಂಡು ಕೂರಬೇಡಿ.

ಏನು ಮಾಡುವುದು? ಬದುವಿನ ಮೇಲೆ ಕೂತೇ ಮಾಡಬಹುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತಗೊಳ್ಳಿ, ಹೊಟ್ಟೆ ಉಬ್ಬಲಿ. ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಐದು ನಿಮಿಷ. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಹೃದಯದ ಬಡಿತವನ್ನು ಇಳಿಸುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು. ಗಾಬರಿ ಬಂದಾಗ ಮಾತ್ರ ಮಾಡಿದರೆ ಸಾಲದು, ಆರಾಮಿದ್ದಾಗ ದಿನಾ ಎರಡು ಹೊತ್ತು ಮಾಡಿ ರೂಢಿಯಾಗಿರಬೇಕು.

ಎರಡನೆಯದು, ನೀರಿನ ವಿಷಯಕ್ಕೆ ನೀವೇ ಒಂದು ತಾರೀಖು ಕಟ್ಟಿ. ನೀರಾವರಿ ಸಲಹಾ ಸಮಿತಿ ಸಭೆ ಯಾವಾಗ, ಅಲ್ಲಿಯ ತನಕ ಸಸಿ ಮಡಿ ಹಾಕುವುದೋ ಬೇಡವೋ, ಇಂಥ ದಿನದೊಳಗೆ ನೀರು ಮುಟ್ಟದಿದ್ದರೆ ಜೋಳ ಹಾಕುವುದೋ ಕಡಲೆ ಹಾಕುವುದೋ ಅಂತ ಮನೆಯವರ ಜೊತೆ ಕೂತು ಹಾಳೆಯ ಮೇಲೆ ಬರೆಯಿರಿ. ಸಾಲದ ಬಾಬತ್ತೂ ಹಾಗೇ, ಗೊಬ್ಬರದ ಅಂಗಡಿಗೆ ಎಷ್ಟು, ಸೊಸೈಟಿಗೆ ಎಷ್ಟು. ಇದರಿಂದ ನೀರು ಬರುವುದಿಲ್ಲ, ಸಾಲ ತೀರುವುದಿಲ್ಲ, ನನಗೂ ಗೊತ್ತಿದೆ. ಆದರೆ ಮಿದುಳನ್ನು ಸುಡುತ್ತಿರುವುದು ಆ ಅರ್ಧಕ್ಕರ್ಧ ಸ್ಥಿತಿ. ಅದರಲ್ಲಿ ಎಷ್ಟು ಭಾಗ ತೀರ್ಮಾನಕ್ಕೆ ಬರುತ್ತದೋ ಅಷ್ಟು ಉರಿ ಕಡಿಮೆ. ರಾತ್ರಿ ಎಚ್ಚರವಾದರೆ ಏನು ಅನ್ನಿಸುತ್ತಿದೆಯೋ ಅದನ್ನು ಹೆಸರು ಹಿಡಿದು ಹೇಳಿ, "ಇದು ಹೆದರಿಕೆ", "ಇದು ಸಿಟ್ಟು" ಅಂತ. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲಾದ ಚಟುವಟಿಕೆ ಇಳಿಯುವುದನ್ನು 2007ರಲ್ಲಿ ಅಮೆರಿಕದ ಸಂಶೋಧಕರು ಸ್ಕ್ಯಾನಿನಲ್ಲೇ ತೋರಿಸಿದ್ದಾರೆ.

ಇಷ್ಟೆಲ್ಲ ಮಾಡುವಾಗ ಡಾಕ್ಟರನ್ನು ನೋಡುವುದನ್ನು ಮುಂದಕ್ಕೆ ಹಾಕಬೇಡಿ. ಸಾಯುವ ಯೋಚನೆ ಬಂದವರಿಗೆ ಬರೀ ಉಸಿರಾಟ ಸಾಲುವುದಿಲ್ಲ. ಈ ವಾರವೇ ರಾಯಚೂರಿನ ರಿಮ್ಸ್‌ಗೆ ಹೋಗಿ, ಮನೋವೈದ್ಯ ವಿಭಾಗ ಎಲ್ಲಿ ಅಂತ ಕೇಳಿ. ಒಬ್ಬರೇ ಹೋಗಬೇಡಿ.

ಪ್ರಶ್ನೆ: ಮೇಡಂ, ನಾನು ಗಂಗಾವತಿಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಓದಲು ಕೂತರೆ ಹತ್ತು ನಿಮಿಷಕ್ಕೆ ಕೈ ಮೊಬೈಲಿಗೆ ಹೋಗುತ್ತದೆ. ರೀಲ್ಸ್ ನೋಡುವಾಗ ಖುಷಿಯೂ ಇರುವುದಿಲ್ಲ, ಆದರೂ ಬಿಡಲು ಆಗುವುದಿಲ್ಲ. ಓದಿದ್ದು ಮರುದಿನ ನೆನಪಿರುವುದಿಲ್ಲ. ಡೋಪಮೈನ್ ಹಾಳಾಗಿದೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ?

ಉತ್ತರ: ತಂಗಿ, ನಿನ್ನ ಡೋಪಮೈನ್ ಚೆನ್ನಾಗಿಯೇ ಇದೆ, ತನ್ನ ಕೆಲಸ ತಾನು ಮಾಡುತ್ತಿದೆ. "ಖುಷಿ ಇರಲ್ಲ, ಆದರೂ ಬಿಡಕ್ಕಾಗಲ್ಲ" ಅಂದೆಯಲ್ಲ, ಬಹಳ ಸರಿಯಾಗಿ ಗಮನಿಸಿದ್ದೀಯ. ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಎಲ್ಲೆಲ್ಲೂ ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಅದು ಮುಖ್ಯವಾಗಿ ಬೇಕು ಅನ್ನಿಸುವ ತುಡಿತಕ್ಕೆ ಮತ್ತು ಕಲಿಕೆಗೆ ಸಂಬಂಧಿಸಿದ್ದು. ವುಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಿಗೆ ಬೆಳಕಿನ ಸೂಚನೆ ಕೊಟ್ಟು ಆಮೇಲೆ ಹಣ್ಣಿನ ರಸ ಕೊಡುತ್ತಿದ್ದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದವು. ಪಾಠ ಕಲಿತ ಮೇಲೆ ಬೆಳಕು ಕಂಡಾಗಲೇ ಚುರುಕಾಗುತ್ತಿದ್ದವು, ರಸ ಬಂದಾಗ ಸುಮ್ಮನೆ. ಆಮೇಲೆ ಅದೇ ತಂಡ ನೋಡಿದ್ದು, ರಸ ಸಿಗುತ್ತೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಇದ್ದಾಗ, ಕಾಯುವ ಹೊತ್ತಿನಲ್ಲಿ ಈ ಚಟುವಟಿಕೆ ಎಲ್ಲಕ್ಕಿಂತ ಜಾಸ್ತಿ. ಮೇಲೆ ಸಿಂಧನೂರಿನ ಅಣ್ಣನಿಗೆ ಬರೆದದ್ದನ್ನು ಓದು. ಅಪಾಯ ಅನಿಶ್ಚಿತವಾದರೆ ಮಿದುಳು ಉರಿಯುತ್ತದೆ, ಸುಖ ಅನಿಶ್ಚಿತವಾದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಮುಂದಿನ ರೀಲ್ ಚೆನ್ನಾಗಿರಬಹುದು, ಇರದೆಯೂ ಇರಬಹುದು. ಬೆರಳು ತಳ್ಳುತ್ತಲೇ ಇರುತ್ತದೆ.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಂಡು ಪಕ್ಕದಲ್ಲೇ ಫೋನ್ ಇಟ್ಟು ಓದುತ್ತೇನೆ ಅನ್ನುವ ಹಟ ಬೇಡ. ಬೆಳಕು ಕಂಡರೆ ತುಡಿತ ಹುಟ್ಟುತ್ತದೆ ಅಂತಾದ ಮೇಲೆ ಬೆಳಕೇ ಕಾಣಬಾರದು. ಓದುವ ಹೊತ್ತಿಗೆ ಫೋನನ್ನು ಅಮ್ಮನ ಹತ್ತಿರ ಕೊಡು, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಡಲಿ. ಎದ್ದು ಹೋಗಿ, ಸ್ಟೂಲ್ ಹಾಕಿ, ಅಮ್ಮನ ಮುಂದೆ ತೆಗೆಯಬೇಕು ಅಂದಾಗ ಎಷ್ಟೋ ಸಲ ತುಡಿತ ಅಲ್ಲೇ ಸಾಯುತ್ತದೆ. ಇಡೀ ವಾರ ಫೋನ್ ಮುಟ್ಟದೆ ಡೋಪಮೈನ್ ಉಪವಾಸ ಮಾಡಿದರೆ ಮಿದುಳು ಹೊಸದಾಗುತ್ತದೆ ಅನ್ನುವುದನ್ನು ನಂಬಬೇಡ. ಒಂದು ವಾರ ಬಿಟ್ಟು ಎಂಟನೇ ದಿನ ಮೊದಲಿನ ಹಾಗೇ ಹಿಡಿದರೆ ಏನು ಬಂತು?

ನೆನಪಿನ ವಿಷಯದಲ್ಲಿ ನೀನು ಓದುವ ರೀತಿ ಬದಲಾಗಬೇಕು. 2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವವರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಎರಡನೇ ಸಲ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಅವರಿಗೆ ನೆನಪಿದ್ದದ್ದು ಶೇಕಡಾ 42, ಪುಸ್ತಕ ಮುಚ್ಚಿ ಬರೆದವರಿಗೆ ಶೇಕಡಾ 56. ಅಂದರೆ ಓದಿದ ಕೂಡಲೇ "ಎಲ್ಲ ಬಂತು" ಅನ್ನಿಸುವುದೇ ಮೋಸ. ಒಂದು ಪುಟ ಓದು, ಮುಚ್ಚು, ಖಾಲಿ ಹಾಳೆಯಲ್ಲಿ ಬರೆ, ತೆರೆದು ತಪ್ಪು ನೋಡು. ಕಷ್ಟ ಅನ್ನಿಸುತ್ತದೆ, ಆ ಕಷ್ಟದಲ್ಲೇ ನೆನಪು ಕೂರುವುದು. ಮತ್ತೆ ರಾತ್ರಿ ನಿದ್ದೆ ಕೆಡಬೇಡ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ಮುಖ್ಯವಾಗಿ ನಿದ್ದೆಯಲ್ಲಿ.

ಪ್ರಶ್ನೆ: ಮಿದುಳಿನ ಶಕ್ತಿ ಹೆಚ್ಚಿಸುವ ಪುಡಿ, ಟಾನಿಕ್ ಅಂತ ಟಿವಿಯಲ್ಲಿ ಬರುತ್ತದೆ. ಮಕ್ಕಳಿಗೆ ಕೊಡಬಹುದಾ? (ಸಿರುಗುಪ್ಪದ ಒಬ್ಬ ತಾಯಿ)

ಉತ್ತರ: ಬೇಡಮ್ಮಾ. ಆ ದುಡ್ಡಿಗೆ ಶೇಂಗಾ, ಮೊಟ್ಟೆ, ಹಾಲು, ಸೊಪ್ಪು ತನ್ನಿ. ಮಗು ಯಾವಾಗಲೂ ಸುಸ್ತು, ಮಂಕು ಅಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನೀವು ಪೂರ್ತಿ ಸಸ್ಯಾಹಾರಿಗಳಾಗಿದ್ದು ಮನೆಯಲ್ಲಿ ಹಾಲು ಮೊಸರೂ ಕಡಿಮೆ ಅಂದರೆ ವಿಟಮಿನ್ ಬಿ12 ಕೂಡ ನೋಡಿಸಿ. ಅದು ಕಡಿಮೆಯಾದರೆ ಮರೆವು, ಬೇಸರ, ಕೈಕಾಲು ಜೋಮು ಬರುವುದುಂಟು, ಸರಿಪಡಿಸುವುದು ಸುಲಭ.

ಪ್ರಶ್ನೆ: ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟ್ ಬದಲಾಗುತ್ತಿರುತ್ತದೆ. ನೈಟ್ ಮುಗಿಸಿ ಬಂದು ಮಲಗಿದರೆ ಈ ಬಿಸಿಲಿಗೆ ಎರಡು ತಾಸು ನಿದ್ದೆ, ಅಷ್ಟೇ. ಮಕ್ಕಳ ಮೇಲೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ. ಮನೆಯವಳು "ನೀವು ಮೊದಲಿನ ಹಾಗಿಲ್ಲ" ಅಂತಾಳೆ.

ಉತ್ತರ: ನಿಮ್ಮ ಸ್ವಭಾವ ಕೆಟ್ಟಿಲ್ಲ ಅಣ್ಣ, ನಿದ್ದೆ ಕೆಟ್ಟಿದೆ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಆರೋಗ್ಯವಂತ ಯುವಕರಿಗೆ ಬೇಸರದ ಚಿತ್ರಗಳನ್ನು ತೋರಿಸಿ 2007ರಲ್ಲಿ ಸ್ಕ್ಯಾನ್ ಮಾಡಿದರು. ನಿದ್ದೆ ಮಾಡಿದವರಿಗಿಂತ ಅವರ ಅಮಿಗ್ಡಲಾ ಶೇಕಡಾ 60ರಷ್ಟು ಜಾಸ್ತಿ ಕೆರಳಿತ್ತು, ಅದನ್ನು ಹಿಡಿದು ನಿಲ್ಲಿಸುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕವೂ ಸಡಿಲವಾಗಿತ್ತು. ಅದು ಒಂದೇ ರಾತ್ರಿಯ ಕಥೆ. ಈ ಸಾಲನ್ನು ಮನೆಯವರಿಗೂ ಓದಿ ಹೇಳಿ.

ಮಿದುಳಿನಲ್ಲಿ ನಿದ್ದೆಗೆ ಎರಡು ಲೆಕ್ಕ ಇವೆ. ಒಂದು, ಎಚ್ಚರ ಇದ್ದಷ್ಟೂ ಅಡೆನೋಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ಎಳೆಯುತ್ತದೆ. ಚಹಾದಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಕೂತು ಆ ಎಳೆತ ಗೊತ್ತಾಗದ ಹಾಗೆ ಮಾಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ತಾಸು ಬೇಕು. ಬೆಳಗಿನ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಕುಡಿದ ಚಹಾ ನೀವು ಒಂಬತ್ತಕ್ಕೆ ಮಲಗಿದಾಗ ಅರ್ಧ ಒಳಗೇ ಇರುತ್ತದೆ. ಚಹಾ ಎಲ್ಲ ಶಿಫ್ಟಿನ ಮೊದಲ ಅರ್ಧದಲ್ಲೇ ಮುಗಿಸಿ. ಎರಡು, ದೇಹದ ಗಡಿಯಾರ. ಇದು ಕೋಶಗಳೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದದ್ದಕ್ಕೇ 2017ರ ವೈದ್ಯಕೀಯ ನೊಬೆಲ್ ಬಂದದ್ದು. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹಗಲು ರಾತ್ರಿ ತಿಳಿಯುತ್ತದೆ. ಶಿಫ್ಟ್ ಬಸ್ಸು ಇಳಿದು ಬೆಳಗಿನ ಬಿಸಿಲಲ್ಲಿ ನಡೆದು ಬಂದರೆ "ಬೆಳಗಾಯಿತು, ಎದ್ದೇಳು" ಅಂತ ಅದಕ್ಕೆ ಹೇಳಿದ ಹಾಗೆ. ಕಪ್ಪು ಕನ್ನಡಕ ಹಾಕಿಕೊಂಡು ಬನ್ನಿ, ಯಾರು ಏನಂದರೂ ಪರವಾಗಿಲ್ಲ. ಬೈಕ್ ಓಡಿಸಿಕೊಂಡು ಬರುವವರಾದರೆ ಮಾತ್ರ ಇದು ಬೇಡ, ತೂಕಡಿಕೆ ಬಂದು ಅಪಾಯ ಆದೀತು.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಬಳ್ಳಾರಿಯ ಏಪ್ರಿಲ್, ಮೇನಲ್ಲಿ ಹಗಲು ಅದು ಇಳಿಯುವುದೇ ಕಷ್ಟ. ರಾತ್ರಿಯಾದರೆ ಮಾಳಿಗೆ ಮೇಲೆ ಮಲಗುತ್ತೇವೆ, ಹಗಲಲ್ಲಿ ಆ ಮಾಳಿಗೆಯೇ ಕಾದು ಕೆಳಗಿನ ಕೋಣೆಗೆ ಬಿಸಿ ಉಗುಳುತ್ತದೆ. ಮನೆಯಲ್ಲಿ ಬಿಸಿಲು ಬೀಳದ ಕೋಣೆ ಯಾವುದೋ ಅದನ್ನು ಹಿಡಿಯಿರಿ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಅದರ ಮುಂದೆ ಒದ್ದೆ ಮಾಡಿದ ಗೋಣಿಚೀಲ, ನೆಲಕ್ಕೆ ಚಾಪೆ, ಫ್ಯಾನು. ನಮ್ಮ ಕಡೆಯ ಒಣ ಗಾಳಿಗೆ ಒದ್ದೆ ಬಟ್ಟೆ ಬಹಳ ತಂಪು ಕೊಡುತ್ತದೆ. ಮಲಗುವ ಮುಂಚೆ ಸ್ನಾನ ಮಾಡಿ. ಬಾಗಿಲ ಮೇಲೆ "ಎರಡು ಗಂಟೆ ತನಕ ಎಬ್ಬಿಸಬೇಡಿ" ಅಂತ ಬರೆದು ಅಂಟಿಸಿ, ಸಿಲಿಂಡರ್‌ನವನಿಗೂ ಗೊತ್ತಾಗಲಿ. ಒಂದೇ ಬಾರಿಗೆ ನಿದ್ದೆ ಪೂರ್ತಿ ಬರದಿದ್ದರೆ ಬೆಳಿಗ್ಗೆ ನಾಲ್ಕೈದು ತಾಸು, ಡ್ಯೂಟಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ತಾಸು, ಹೀಗೆ ಎರಡು ಕಂತು ಮಾಡಿ. ನಿದ್ದೆಗೆ ಅಂತ ಕುಡಿಯಬೇಡಿ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ಅರ್ಧಕ್ಕೆ ಒಡೆಯುತ್ತದೆ.

ಪ್ರಶ್ನೆ: ಮೇಡಂ, ಕುಷ್ಟಗಿ ತಾಲ್ಲೂಕಿನವನು. ಹೆಂಡತಿಗೆ ಹೆರಿಗೆಯಾಗಿ ಎರಡು ತಿಂಗಳಾಯಿತು, ತವರಿನಲ್ಲಿ ಬಾಣಂತನ. ಮೊದಲ ಮಗು, ಎಲ್ಲರಿಗೂ ಸಂತೋಷ, ಅವಳಿಗೆ ಮಾತ್ರ ಇಲ್ಲ. ಸುಮ್ಮನೆ ಅಳುತ್ತಾಳೆ, ಮಗು ಮಲಗಿದರೂ ತಾನು ಮಲಗುವುದಿಲ್ಲ, "ನಾನು ಒಳ್ಳೆ ತಾಯಿ ಅಲ್ಲ" ಅಂತಾಳೆ. ಅತ್ತೆಯವರು ಗಾಳಿ ಸೋಕಿದೆ ಅಂತ ದೇವರಿಗೆ ಕರೆದುಕೊಂಡು ಹೋಗಿ ಬಂದರು. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಉತ್ತರ: ಹೆಂಡತಿಯ ಬಗ್ಗೆ ಗಂಡ ಕೂತು ಪತ್ರ ಬರೆದದ್ದು ನೋಡಿ ನನಗೆ ಬಹಳ ಸಮಾಧಾನವಾಯಿತು ತಮ್ಮಾ. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಬಹಳ ಎತ್ತರಕ್ಕೆ ಏರಿರುತ್ತವೆ. ಹೆರಿಗೆಯಾದ ಕೆಲವೇ ದಿನದಲ್ಲಿ ಒಮ್ಮೆಲೇ ಕುಸಿಯುತ್ತವೆ. ಪ್ರೊಜೆಸ್ಟರಾನ್‌ನಿಂದ ಹುಟ್ಟುವ ಒಂದು ಪದಾರ್ಥ ಮಿದುಳನ್ನು ಶಾಂತವಾಗಿಡುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತಿರುತ್ತದೆ, ಅದೂ ಕುಸಿಯುತ್ತದೆ. ಹೆಚ್ಚಿನ ತಾಯಂದಿರಿಗೆ ಮೊದಲ ಹತ್ತು ದಿನ ಅಳು, ಸಿಡುಕು ಇದ್ದು ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ ಅದು ಬಾಣಂತಿಯ ಖಿನ್ನತೆ ಇರಬಹುದು, ಚಿಕಿತ್ಸೆ ಬೇಕು. ಕುಸಿದ ಆ ಪದಾರ್ಥವನ್ನೇ ಔಷಧವಾಗಿ ಕೊಡಲು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಬೇರೆ ಮಾತ್ರೆಗಳೂ ಚೆನ್ನಾಗಿ ಕೆಲಸ ಮಾಡುತ್ತವೆ, ಅವುಗಳಲ್ಲಿ ಹಾಲುಣಿಸುವಾಗಲೂ ತಗೊಳ್ಳಬಹುದಾದವು ಇವೆ. ಹೆದರಿ ಹಾಲು ಬಿಡಿಸಬೇಡಿ, ಡಾಕ್ಟರಿಗೆ ಹಾಲುಣಿಸುತ್ತಿದ್ದಾಳೆ ಅಂತ ಹೇಳಿ, ಅಷ್ಟೇ.

ನಾಳೆಯೇ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲೇ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಆಗಲಿ, ರಕ್ತ ಕಡಿಮೆ ಇದ್ದರೂ ಥೈರಾಯ್ಡ್ ಏರುಪೇರಾದರೂ ಹೀಗೇ ಮಂಕು ಕವಿಯುತ್ತದೆ. ಅತ್ತೆಯವರ ಜೊತೆ ದೇವರ ವಿಷಯಕ್ಕೆ ಜಗಳ ಮಾಡಬೇಡಿ. ಅವರು ಮಗಳು ಗುಣವಾಗಲಿ ಅಂತಲೇ ಹೋದದ್ದು. ದೇವರಿಗೂ ಹೋಗೋಣ, ಆಸ್ಪತ್ರೆಗೂ ಹೋಗೋಣ ಅನ್ನಿ.

ಬಾಣಂತಿ ಕೋಣೆಯನ್ನು ಒಮ್ಮೆ ನೀವೇ ಹೋಗಿ ನೋಡಿ. ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಮೂಲೆಯಲ್ಲಿ ಕೆಂಡ ಇಟ್ಟು, ಹಗಲಿಗೂ ರಾತ್ರಿಗೂ ವ್ಯತ್ಯಾಸ ತಿಳಿಯದ ಹಾಗೆ ಇರುತ್ತದೆ. ತಣ್ಣನೆ ಗಾಳಿ ತಾಗದಿರಲಿ ಅನ್ನುವ ಹಿರಿಯರ ಕಾಳಜಿ ಸರಿ. ಆದರೆ ಬೆಳಕಿಲ್ಲದಿದ್ದರೆ ಮಿದುಳಿನ ಗಡಿಯಾರ ದಾರಿ ತಪ್ಪುತ್ತದೆ, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ತಾಯಿ ಮಗು ಇಬ್ಬರಿಗೂ ಅಪಾಯ. ಬೆಳಿಗ್ಗೆ ಅರ್ಧ ತಾಸು ಮಂಚವನ್ನು ಬಾಗಿಲ ಹತ್ತಿರ ಎಳೆದು ಬೆಳಕು ಬೀಳುವ ಹಾಗೆ ಮಾಡಿ. ರಾತ್ರಿ ಒಂದು ಹೊತ್ತು ಮಗು ಅತ್ತರೆ ನೀವೋ ಅತ್ತೆಯೋ ಎತ್ತಿಕೊಳ್ಳಿ, ಅವಳಿಗೆ ಒಂದೇ ಉಸಿರಿಗೆ ನಾಲ್ಕೈದು ತಾಸು ನಿದ್ದೆ ಸಿಗಲಿ. ಅಂದರೆ ನೀವು ವಾರಕ್ಕೊಮ್ಮೆ ನೋಡಿ ಬರುವ ನೆಂಟರ ಹಾಗೆ ಇದ್ದರೆ ಆಗುವುದಿಲ್ಲ.

ಅವಳು ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ ಅಂದರೆ, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡಿದರೆ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ಓಡಾಡಿದರೆ ಅಥವಾ ಸಾಯುವ ಮಾತಾಡಿದರೆ ನಾಳೆಗೂ ಕಾಯಬೇಡಿ, ಆ ತಾಸಿಗೇ ಆಸ್ಪತ್ರೆಗೆ ಹೋಗಿ. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಹಾಗಾಗುತ್ತದೆ, ಬೇಗ ಹೋದರೆ ಗುಣವಾಗುತ್ತದೆ. ಅಲ್ಲಿಯ ತನಕ ತಾಯಿ ಮಗುವನ್ನು ಒಬ್ಬಂಟಿ ಬಿಡಬೇಡಿ.

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ಶಿಕ್ಷಕ. ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಹತ್ತು ದಿನ ತಗೊಂಡೆ, ಏನೂ ಗುಣ ಕಾಣಲಿಲ್ಲ, ಚಟ ಆಗುತ್ತದೆ ಅಂತ ಬೇರೆ ಹೇಳಿದರು, ಬಿಟ್ಟುಬಿಟ್ಟೆ. ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆಯಾದರೆ ಈ ರೋಗ ಅಂತಾರೆ, ಹಾಗಿದ್ದರೆ ಮಾತ್ರೆ ಕೂಡಲೇ ಕೆಲಸ ಮಾಡಬೇಕಲ್ಲವೇ?

ಉತ್ತರ: ಸರ್, ನೀವು ಕೇಳಿದ್ದು ವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆ. ಈ ಮಾತ್ರೆಗಳು ನರಕೋಶಗಳ ನಡುವಿನ ಸೆರೊಟೋನಿನ್ ಅನ್ನು ಕೆಲವೇ ತಾಸಿನಲ್ಲಿ ಹೆಚ್ಚಿಸುತ್ತವೆ, ಆದರೆ ಮನಸ್ಸು ಏಳುವುದು ಎರಡರಿಂದ ನಾಲ್ಕು ವಾರಕ್ಕೆ, ಕೆಲವರಿಗೆ ಆರು ವಾರ. ಅಂದರೆ ಖಿನ್ನತೆ ಬರೀ ಸೆರೊಟೋನಿನ್ ಕೊರತೆ ಅನ್ನುವ ಹಳೆಯ ವಿವರಣೆ ತೀರಾ ಸರಳವಾಯಿತು. ಆ ವಾರಗಳಲ್ಲಿ ನರಕೋಶಗಳು ನಿಧಾನಕ್ಕೆ ಹೊಂದಿಕೊಳ್ಳುತ್ತವೆ, ಹೊಸ ಸಂಪರ್ಕ ಬೆಳೆಸುವ ಅವುಗಳ ಶಕ್ತಿ ಹೆಚ್ಚುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಹತ್ತು ದಿನಕ್ಕೆ ಬಿಟ್ಟದ್ದು ಸಸಿ ನೆಲ ಹಿಡಿಯುವ ಮುಂಚೆಯೇ ಆಯಿತು. ಮಾತ್ರೆ ಕೊಟ್ಟ ಡಾಕ್ಟರ ಹತ್ತಿರವೇ ಮತ್ತೆ ಹೋಗಿ, ಬಿಟ್ಟದ್ದನ್ನು ಮುಚ್ಚಿಡಬೇಡಿ.

ಚಟದ ವಿಷಯದಲ್ಲಿ ಎರಡು ಬೇರೆ ಬೇರೆ ಮಾತ್ರೆಗಳನ್ನು ಜನ ಕಲಸಿಬಿಡುತ್ತಾರೆ. ನಿದ್ದೆ ಮಾತ್ರೆ ಅಂತ ಕರೆಯುವ ಆಲ್ಪ್ರಜೋಲಾಂನಂಥವು ಬಹಳ ದಿನ ತಗೊಂಡರೆ ಅಭ್ಯಾಸವಾಗುತ್ತವೆ, ಅವನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಖಿನ್ನತೆಯ ಮಾತ್ರೆಗೆ ಹಾಗೆ ಇನ್ನಷ್ಟು ಬೇಕು ಅನ್ನುವ ಚಟ ಇಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದುಂಟು, ಅದಕ್ಕೇ ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ. ಚೆನ್ನಾಗಿ ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಮಾತ್ರೆ ಜೊತೆಗೆ, ಮನಸ್ಸು ಬರಲಿ ಆಮೇಲೆ ಮಾಡೋಣ ಅಂತ ಕಾಯದೆ, ಮೊದಲು ಖುಷಿ ಕೊಡುತ್ತಿದ್ದ ಒಂದು ಚಿಕ್ಕ ಕೆಲಸವನ್ನು ಹೊತ್ತು ಗೊತ್ತು ಮಾಡಿ ಮಾಡುತ್ತಾ ಹೋಗಿ. ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಡುವುದಾದರೂ ಸರಿ. ಈ ವಿಧಾನವನ್ನು ಗೋವಾದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರ ಕೈಯಲ್ಲೇ ಕೊಡಿಸಿ ನೋಡಿದರು, ತೀವ್ರ ಖಿನ್ನತೆಯವರಿಗೂ ಅನುಕೂಲವಾದದ್ದು 2017ರಲ್ಲಿ ಪ್ರಕಟವಾಯಿತು.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು, ನೀವು ಇದೇ ಜಿಲ್ಲೆಯಲ್ಲಿ ಪಾಠ ಮಾಡಿದವರು. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರ ಜೊತೆ ಸೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆ ಗುರುತಿಸಿ ಮಾತ್ರೆ ಕೊಡಲು ಕಲಿಸಿದ್ದು ಈ ಬಳ್ಳಾರಿ ಜಿಲ್ಲೆಯಲ್ಲಿ, ಆಗ ಸುಮಾರು 20 ಲಕ್ಷ ಜನಸಂಖ್ಯೆ ಇತ್ತು. ಅದು ಯಶಸ್ವಿಯಾಗಿ, ಅದನ್ನೇ ಮಾದರಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶದ ಮನೋವೈದ್ಯರೆಲ್ಲ "ಬಳ್ಳಾರಿ ಮಾದರಿ" ಅಂತ ಓದುತ್ತಾರೆ. ಇಂಥ ಊರಲ್ಲಿ ಮನೋವೈದ್ಯರ ಬಾಗಿಲಿಗೆ ಮುಖ ಮುಚ್ಚಿಕೊಂಡು ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಜಿಲ್ಲಾ ಆಸ್ಪತ್ರೆ ದೂರ ಅನ್ನುವವರು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರಾ ಅಂತ ಕೇಳಿಕೊಂಡು ಹೋಗಿ.

ಪ್ರಶ್ನೆ: ವಯಸ್ಸು 66, ರಾಯಚೂರು. ಈ ವಯಸ್ಸಲ್ಲಿ ಮಿದುಳು ಸುಧಾರಿಸುತ್ತದೆ ಅನ್ನುವುದು ಸಮಾಧಾನದ ಮಾತಾ, ನಿಜವಾ?

ಉತ್ತರ: ನಿಜ ಅಮ್ಮಾ. 55ರಿಂದ 80 ವಯಸ್ಸಿನ 120 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಬಿರುಸಾಗಿ ನಡೆಯಿತು, ಇನ್ನೊಂದು ಬರೀ ಮೈ ಚಾಚುವ ವ್ಯಾಯಾಮ ಮಾಡಿತು. ನಡೆದವರ ಹಿಪ್ಪೊಕ್ಯಾಂಪಸ್, ಅಂದರೆ ನೆನಪಿಗೆ ಬೇಕಾದ ಭಾಗ, ಶೇಕಡಾ 2ರಷ್ಟು ಬೆಳೆದಿತ್ತು. ಇನ್ನೊಂದು ಗುಂಪಿನಲ್ಲಿ ವಯಸ್ಸಿಗೆ ತಕ್ಕ ಹಾಗೆ ಕುಗ್ಗಿತ್ತು. 2011ರಲ್ಲಿ ಬಂದ ವರದಿ ಅದು. ಬಿಸಿಲೇರುವ ಮುಂಚೆ ಆಮ್ ತಲಾಬ್ ಕಡೆ ಹೋಗಿ, ಒಬ್ಬರೇ ಹೋಗುವ ಬದಲು ಮಾತಾಡುವ ಒಬ್ಬ ಗೆಳತಿಯನ್ನು ಕರೆದುಕೊಳ್ಳಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿರಲಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮಾತ್ರೆ ತಪ್ಪಿಸಬೇಡಿ, ಅವು ಹತೋಟಿಯಲ್ಲಿ ಇಲ್ಲದಿದ್ದರೆ ಮಿದುಳಿನ ರಕ್ತನಾಳಕ್ಕೇ ಪೆಟ್ಟು. ಮಂಡಿ ನೋವಿದ್ದರೆ ಹತ್ತು ನಿಮಿಷದಿಂದ ಶುರು ಮಾಡಿ, ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ.